ಅವ್ವನ ಆಕ್ಷೇಪಣೆ

ಹರಿಹರ, ೮-೨-೧೯೫೮, ಶನಿವಾರ

ನಾಳೆ ನನ್ನ ಮಗಳು ಕೃಪಾವತಿಯ ಮದುವೆಯ ಮೂರನೆಯ ಪ್ರಕಟಣೆ. ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಸಭೆಯ ಮುಂದೆ ಗಂಡುಹೆಣ್ಣಿನ ಹೆಸರು ಓದುವುದು ನಮ್ಮ ಪದ್ಧತಿ. ವಾರವಿಡೀ ನನ್ನ ತಲೆ ತಿಂದದ್ದು ಎರಡನೆಯದು. ಹೋದ ಭಾನುವಾರ ಆರಾಧನೆಯಲ್ಲಿ, ಪಾದ್ರಿಯಾದ ನಾನೇ ಅವಳ ಹೆಸರನ್ನೂ ದಾವಣಗೆರೆಯ ಸತ್ಯಮಿತ್ರನ ಹೆಸರನ್ನೂ ಓದಿ, ರೂಢಿಯಂತೆ, "ಯಾರಿಗಾದರೂ ಆಕ್ಷೇಪಣೆ ಇದೆಯೇ?" ಎಂದೆ. ಹೆಂಗಸರ ಚಾಪೆಯಿಂದ ನಮ್ಮವ್ವ ಎದ್ದು ನಿಂತಳು.

"ನಂದೈತೆ! ಹುಡುಗನ್ನ ನನಗ್ಯಾರು ತೋರ್ಸ್ಯಾರೆ?"

ಸಭೆಯೆಲ್ಲ ನಕ್ಕಿತು. ಆದರೆ ಆಕ್ಷೇಪಣೆ ಆಕ್ಷೇಪಣೆಯೇ. ಅವಳು ಹಿಂತೆಗೆದುಕೊಳ್ಳುವವರೆಗೆ ಮುಂದಿನದನ್ನು ಓದುವಂತಿಲ್ಲ. ತಪ್ಪು ನನ್ನದೇ ಎಂಬಂತೆ ಕೃಪಾವತಿ ಮೂರು ದಿನ ನನ್ನ ಸಂಗಡ ಮಾತು ಬಿಟ್ಟಳು.

ಇವತ್ತು ಮಧ್ಯಾಹ್ನ ಹುಡುಗ ಸೈಕಲ್ ತುಳಿದುಕೊಂಡು ಬಂದ. ಅವ್ವ ರೊಟ್ಟಿಯ ಮೇಲೆ ಹಸಿಮೆಣಸಿನಕಾಯಿ ಚಟ್ನಿಯನ್ನು ನಿಂಬೆಹಣ್ಣಿನಷ್ಟು ಇಟ್ಟಳು. ಅವನು ಕಣ್ಣು ಒರೆಸಿಕೊಳ್ಳುತ್ತ ಎಲ್ಲವನ್ನೂ ತಿಂದು, "ಇನ್ನೊಂದು ರೊಟ್ಟಿ ಹಾಕ್ರಿ ಅಜ್ಜಿ" ಎಂದ.

ಅವ್ವ ನನ್ನ ಕಡೆ ತಿರುಗಿದಳು. "ಕಣ್ಣಾಗ ನೀರು ಬಂತು, ಬಾಯಾಗ ದೂರು ಬರ್ಲಿಲ್ಲ. ಓದಪ್ಪ ಪಾದ್ರಿ, ನಂದೇನೂ ತಕರಾರಿಲ್ಲ."

ದೇವರಿಗೆ ಸ್ತೋತ್ರ. ಒಳಗೆ ಅಜ್ಜಿ ಮೊಮ್ಮಗಳು ಇನ್ನೂ ನಗುತ್ತಿದ್ದಾರೆ. ಇಪ್ಪತ್ತು ವರ್ಷ ಈ ಮನೆ ತುಂಬಿದ ನಗು ಅದು. ನಾಳೆ ಮತ್ತೆ ಅದೇ ಪ್ರಶ್ನೆ ಕೇಳಬೇಕು. ಕೇಳಿದ ಬಾಯಲ್ಲೇ ನಾನೇ "ನಂದೈತೆ" ಎಂದುಬಿಟ್ಟರೆ...