ಕ್ಯಾಮೆರಾದ ಎದುರಿನ ಹಾಸಿಗೆ

ಜನವರಿ 6, ಸೋಮವಾರ

ಅಕ್ಷರ ಚೆನ್ನಾಗಿಲ್ಲ. ತಪ್ಪುಗಳೂ ಇರುತ್ತವೆ. ಶ ಎಲ್ಲಿ, ಷ ಎಲ್ಲಿ ಎಂಬುದು ಇವತ್ತಿಗೂ ಗೊಂದಲ. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಐದನೇ ಕ್ಲಾಸಿಗೆ ಬಿಡಿಸಿ ಮಗ್ಗದ ಪಕ್ಕ ಕೂರಿಸಿದರು, ರೇಷ್ಮೆ ನೂಲು ಸುತ್ತಲು. ಯಾರ ಕೈಗಾದರೂ ಈ ಪುಸ್ತಕ ಸಿಕ್ಕಿದರೆ ಮನ್ನಿಸಿ, ಮುಚ್ಚಿಡಿ. ಬಾಯಲ್ಲಿ ಬರದದ್ದು ಕೈಯಲ್ಲಾದರೂ ಬರಬಹುದೇನೋ ಅಂತ…

ಬೆಳಿಗ್ಗೆ ಎಂದಿನಂತೆ. ನಮ್ಮ ಮನೆಯವರ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿನ ಹುಣ್ಣಿಗೆ ಪೌಡರ್ ಹಾಕಿ, ತಟ್ಟೆ ಕೈಗೆ ಕೊಟ್ಟೆ. ಅತ್ತೆ ಹೂವಿನ ಬುಟ್ಟಿ ತೆಗೆದುಕೊಂಡು ಚಳ್ಳಕೆರೆ ಬಸ್ ಸ್ಟ್ಯಾಂಡಿಗೆ. ನಾನು ಶೇಂಗಾ ಗೋಡೌನಿಗೆ, ಬೀಜ ಆರಿಸಲು.

ಹೋದ ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುವಾಗ ಮೂಟೆಯ ಅಟ್ಟಿ ಕುಸಿದು ಅವರ ಮೇಲೆ ಬಿತ್ತು. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಹಗಲೆಲ್ಲ ಒಬ್ಬರೇ. ಅದಕ್ಕೇ ಈ ಕ್ಯಾಮೆರಾ. ಅವರ ಗೆಳೆಯ ದುರುಗೇಶ್ ತನ್ನ ಮೊಬೈಲ್ ಅಂಗಡಿಯಿಂದ ತಂದು ಟೀವಿ ಪಕ್ಕದ ಗೂಡಿನಲ್ಲಿಟ್ಟ. ನಿಂಬೆಹಣ್ಣಿಗಿಂತ ಸ್ವಲ್ಪ ದಪ್ಪ. ವೈಫೈ ಪಕ್ಕದ ಕರಿಯಕ್ಕನ ಮನೆಯದು, ಗೋಡೆ ದಾಟಿ ಬರುತ್ತದೆ. ಗೋಡೌನಿನಲ್ಲಿ ಮೊಬೈಲ್ ತೆರೆದರೆ ಅವರು ಕಾಣುತ್ತಾರೆ. ಮೈಕ್ ಒತ್ತಿದರೆ ನನ್ನ ದನಿ ಮನೆಯಲ್ಲಿ ಕೇಳಿಸುತ್ತದೆ. ನೀರಿನ ಬಾಟಲಿ ಉರುಳಿ ಹೋದರೆ ಕರಿಯಕ್ಕನಿಗೆ ಫೋನ್ ಮಾಡುತ್ತೇನೆ.

ಅವರ ಹೆಸರು ಬರೆಯೋಣವೆಂದು ಪೆನ್ನು ಇಟ್ಟೆ. ಕೈ ಓಡಲಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಳಬಾರದು. ಬರೆಯಬಹುದೋ ಏನೋ — ಕೇಳುವುದು ಯಾರನ್ನು?

ಜನವರಿ 9, ಗುರುವಾರ

ಮೊಬೈಲ್ ತೆಗೆದ ಕೂಡಲೇ ಪಾತಮ್ಮ ಶುರು ಮಾಡಿದಳು. ನಮ್ಮ ಸಾಲಿಗೆ ಅವಳೇ ಮೇಸ್ತ್ರಿ.

‘ನೋಡ್ರೇ, ನಾವೆಲ್ಲ ಗಂಡನ್ನ ಮನ್ಯಾಗ್ ಬಿಟ್ಟು ಬರ್ತೀವಿ. ಇವಳು ಕೈಚೀಲದಾಗ್ ಹಾಕ್ಕಂಡ್ ಬರ್ತಾಳೆ.’

ಎಲ್ಲರೂ ನಕ್ಕರು. ಎದ್ದು ಮೂಟೆಗಳ ಹಿಂದೆ ಹೋಗಿ ಮೈಕ್ ಒತ್ತಿದೆ. ನಾನು ಕೇಳುವ ಮೊದಲೇ ಅವರು ಕ್ಯಾಮೆರಾ ಕಡೆ ತಿರುಗಿ, ‘ತಿನ್ನಾವಾ?’ ಅಂದರು. ಊಟ ಆಯಿತಾ ಅಂತ. ನನ್ನ ತವರಿನ ತೆಲುಗು ಅವರ ಬಾಯಲ್ಲಿ ಯಾವಾಗಲೂ ಸ್ವಲ್ಪ ಸೊಟ್ಟ. ಆಯಿತು ಅಂದೆ. ಪಲ್ಯ ಚೆನ್ನಾಗಿತ್ತಾ ಅಂದೆ. ಉಪ್ಪು ಕಮ್ಮಿ ಆಯಿತೇನೋ ಅಂದೆ. ಗೋಡೌನಿನ ಬೆಕ್ಕು ಮರಿ ಹಾಕಿದ್ದನ್ನೂ ಹೇಳಿದೆ.

‘ಮನ್ಯಾಗಿದ್ರೆ ಬಾಯಿಗೆ ಬೀಗ. ಅಲ್ಲಿಗೆ ಹೋದ್ರೆ ಮಾತು ಬರ್ತೈತೆ ನಿಂಗೆ. ಸಂಜಿಕ್ ಬರಬ್ಯಾಡ ಬಿಡು. ಅಲ್ಲೇ ಇರು, ಹಿಂಗೇ ಸಂಸಾರ ಮಾಡಾಣ’ ಅಂದರು.

ನಿಜ. ಎದುರಿಗೆ ಕೂತರೆ ಅವರು ನನ್ನನ್ನೇ ನೋಡುತ್ತಾರೆ, ಮಾತು ನಿಂತು ಹೋಗುತ್ತದೆ. ಮೊಬೈಲಿನಲ್ಲಿ ಅವರು ನೋಡುವುದು ಗೂಡಿನ ಕಡೆ. ನಾನು ಅವರನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು.

ಜನವರಿ 14, ಮಂಗಳವಾರ

ಸಂಕ್ರಾಂತಿಗೂ ರಜೆಯಿಲ್ಲ. ಲೋಡ್ ಹೋಗಬೇಕಂತೆ. ಮಧ್ಯಾಹ್ನ ನೋಡಿದರೆ ಅವರು ಒಂದು ಹಿಡಿ ಎಳ್ಳುಬೆಲ್ಲವನ್ನು ಕ್ಯಾಮೆರಾ ಕಡೆ ಚಾಚಿಕೊಂಡು ಕಾಯುತ್ತಿದ್ದಾರೆ.

‘ತಗಾ. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು. ಒಳ್ಳೇದಿಲ್ಲ ಅಂದ್ರೆ ಬಯ್ಯಿ. ಏನಾನಾ ಆಡು.’

ಮೂಟೆಯ ಹಿಂದೆ ಒಬ್ಬಳೇ ನಕ್ಕೆ. ಎಷ್ಟು ಹೊತ್ತಿನಿಂದ ಕೈ ಚಾಚಿಕೊಂಡಿದ್ದರೋ, ಕೇಳಲಿಲ್ಲ.

ಜನವರಿ 25, ಶನಿವಾರ

ಇಡೀ ದಿನ ಮೊಬೈಲಿನಲ್ಲಿ ಚೆನ್ನಾಗಿಯೇ ಕಂಡರು. ಕೈ ಎತ್ತಿ ತೋರಿಸಿದರು, ಊಟ ಮಾಡಿದೆ ಅಂದರು. ಸಂಜೆ ಹೊಸ್ತಿಲು ದಾಟಿದ ಕೂಡಲೇ ಗೊತ್ತಾಯಿತು. ಹುಣ್ಣಿನ ವಾಸನೆ. ಕ್ಯಾಮೆರಾಕ್ಕೆ ವಾಸನೆ ತಿಳಿಯುವುದಿಲ್ಲ. ಹಣೆ ಮುಟ್ಟಿದರೆ ಕೆಂಡ. ತಟ್ಟೆಯ ಅನ್ನ ಹಾಗೇ ಇತ್ತು, ಮೇಲೆ ಟವೆಲ್ ಮುಚ್ಚಿದ್ದರು.

ಯಾಕೆ ಹೇಳಲಿಲ್ಲ ಎಂದು ಅತ್ತೆ ಕೇಳಿದ್ದಕ್ಕೆ, ಅವಳು ಕೆಲಸ ಬಿಟ್ಟು ಓಡಿ ಬರ್ತಾಳೆ ಅಂದರಂತೆ. ನರ್ಸ್ ಬಂದು ಡ್ರೆಸಿಂಗ್ ಮಾಡಿದರು. ಸೋಮವಾರದೊಳಗೆ ಜ್ವರ ಇಳಿಯದಿದ್ದರೆ ದುರ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು.

ಫೆಬ್ರವರಿ 1, ಶನಿವಾರ

ಸೋಮವಾರ ಆಂಬುಲೆನ್ಸಿನಲ್ಲಿ ದುರ್ಗ. ನಂಜು ರಕ್ತಕ್ಕೆ ಏರಿದೆ ಅಂದರು. ಬುಧವಾರ ಮಧ್ಯಾಹ್ನ ಅವರನ್ನು ಮನೆಗೆ ಕರೆದುಕೊಂಡು ಬಂದೆವು.

ಕರೆದುಕೊಂಡು ಬಂದೆವು ಅಂತ ಬರೆದುಬಿಟ್ಟೆ. ತಂದೆವು.

ಅವತ್ತೇ ಸಂಜೆ ಮಣ್ಣು. ನಿನ್ನೆ ಹಾಲುತುಪ್ಪ. ಹಾಸಿಗೆ ಇದ್ದ ಮೂಲೆಯಲ್ಲಿ ದೀಪ ಇಟ್ಟಿದ್ದಾರೆ. ಹನ್ನೊಂದು ದಿನ ಆರಬಾರದು, ಅಲ್ಲಿವರೆಗೆ ಜೀವ ಇಲ್ಲೇ ಸುಳಿದಾಡುತ್ತಿರುತ್ತದೆ ಎಂದು ಅತ್ತೆ ಹೇಳಿದರು. ನಾನೂ ಅತ್ತೆಯೂ ಸರದಿಯಲ್ಲಿ ಎಣ್ಣೆ ಹಾಕುತ್ತೇವೆ.

ಬುಧವಾರ ಮನೆ ತುಂಬ ಜನ. ಸೆಕೆ. ಅವರ ಜೊತೆ ಹಮಾಲಿ ಮಾಡುತ್ತಿದ್ದ ಅಂಜಿನೇಯಣ್ಣ ಫ್ಯಾನ್ ಹಾಕಲು ಗೂಡಿನ ಹತ್ತಿರ ಬಂದು ಕ್ಯಾಮೆರಾದ ವೈರಿಗೆ ಕೈ ಹಾಕಿದ. ನಾನು ಗೋಡೆಗೆ ಒರಗಿ ಕೂತಿದ್ದೆ.

‘ತೆಗೀಬ್ಯಾಡ್ರಿ’ ಅಂದೆ.

ಜೋರಾಗಿಯೇ ಅಂದೆನೇನೋ. ಎಲ್ಲರೂ ತಿರುಗಿ ನೋಡಿದರು. ಅಷ್ಟು ಗಂಡಸರ ನಡುವೆ ನನ್ನ ದನಿ ಕೇಳಿದ್ದು ಅದೇ ಮೊದಲು. ಅಂಜಿನೇಯಣ್ಣ ಕೈ ತೆಗೆದ. ಗಂಡ ಹೋದರೂ ಕಣ್ಣಲ್ಲಿ ನೀರಿಲ್ಲ, ಇವಳಿಗೆ ಕ್ಯಾಮೆರಾದ್ದೇ ಚಿಂತೆ ಎಂದು ಪಾತಮ್ಮ ಅಂದಳಂತೆ.

ಮೂಲೆಯಲ್ಲಿ ಆ ದೀಪ. ಗೂಡಿನಲ್ಲಿ ಕ್ಯಾಮೆರಾದ ಈ ನೀಲಿ ದೀಪ. ಎರಡೂ ಆರಬಾರದು.

ಫೆಬ್ರವರಿ 3, ಸೋಮವಾರ

ಕರಿಯಕ್ಕ ಊಟ ತಂದಿದ್ದಳು. ಬಡಿಸುತ್ತಾ ಹೇಳಿದಳು.

‘ನೀನು ಫೋನಾಗ್ ಇಲ್ದಾಗ್ಲೂ ಅದ್ರ ಕೂಡೆ ಮಾತಾಡ್ತಿದ್ದ ಕಣೇ. ದಿನಾ ಮಧ್ಯಾಹ್ನ. ವನಜಾ, ವನಜಾ ಅಂಬ್ತ ನಿನ್ನ ಹೆಸ್ರು ಗೋಡೆ ಈಚೆಗೆ ಕೇಳ್ತಿತ್ತು, ಮಿಕ್ಕಿದ್ದು ತಿಳೀತಿರ್ಲಿಲ್ಲ. ಏನಪ್ಪಾ ವೀರೇಶ, ಯಾರ್ ಕೂಡೆ ಮಾತು ಅಂತ ಕೇಳಿದ್ರೆ, ಎಲ್ಲಾ ಅದ್ರಾಗ್ ಇರ್ತೈತಕ್ಕ, ಅವ್ಳು ಮುದುಕಿ ಆದ್ಮ್ಯಾಲೆ ನೋಡ್ಕಂತಾಳೆ ಅಂದ.’

ನನ್ನ ಎದುರಿಗೆ ಒಂದು ದಿನವೂ ಅವರು ಹೆಸರು ಹಿಡಿದು ಕರೆದವರಲ್ಲ. ಲೇ, ಇವಳೇ, ಇಲ್ಲಿ ಬಾ — ಅಷ್ಟೇ.

ಹಾಗಾದರೆ ಒಳಗಿದೆ. ಅವರು ಹೇಳಿದ್ದೆಲ್ಲ ಇದೆ. ನನಗೆ ತಿಳಿದಿರುವುದು ಆ ಹೊತ್ತಿನದನ್ನು ನೋಡುವುದು ಮಾತ್ರ. ಹಳೆಯ ದಿನ ನೋಡಲು ಎಲ್ಲಿ ಒತ್ತಬೇಕೋ. ತಪ್ಪು ಒತ್ತಿ ಅಳಿಸಿ ಹೋದರೆ? ದುರುಗೇಶನಿಗೆ ಫೋನ್ ಹಚ್ಚಿದೆ. ರಿಂಗ್ ಆಗುವಷ್ಟರಲ್ಲಿ ಕಟ್ ಮಾಡಿದೆ. ಏನಂತ ಹೇಳುವುದು? ಸೂತಕದ ಮನೆಯಲ್ಲಿ ಕೂತು ಪರಗಂಡಸಿಗೆ ಫೋನ್ ಮಾಡಿದಳು ಅಂದರೆ? ಎರಡನೇ ಸಲವೂ ಕಟ್ ಮಾಡಿದೆ.

ಹನ್ನೊಂದು ಕಳೆಯಲಿ. ಎಲ್ಲಿಗೆ ಹೋಗುತ್ತದೆ, ಒಳಗೇ ಇರುತ್ತದೆ. ಸಂಜೆ ಕರೆಂಟ್ ಹೋಗಿ ನೀಲಿ ದೀಪ ಆರಿತು. ಕರಿಯಕ್ಕನ ಯುಪಿಎಸ್‌ನಿಂದ ಒಂದು ವೈರ್ ಎಳೆಸಿಕೊಂಡೆ. ಇನ್ನು ಆರುವುದಿಲ್ಲ.

ಫೆಬ್ರವರಿ 6, ಗುರುವಾರ

ದುರುಗೇಶ್ ತಾನಾಗಿಯೇ ಬಂದ. ಮಿಸ್ ಕಾಲ್ ನೋಡಿದ್ದನಂತೆ, ಅಂಗಡಿ ಬಿಟ್ಟು ಬರಲು ಇವತ್ತು ಬಿಡುವಾಯಿತಂತೆ. ಅತ್ತೆ ಹೊಸ್ತಿಲ ಹತ್ತಿರ ಕೂತಿದ್ದರು. ನಾನು ತಲೆ ತಗ್ಗಿಸಿಕೊಂಡೇ ಹೇಳಿದೆ, ಹಳೆಯದು ನೋಡಬೇಕು ಅಂತ. ಮೊಬೈಲ್ ತೆಗೆದುಕೊಂಡು ಬೆರಳಾಡಿಸಿದ. ಹಿಂದಕ್ಕೆ, ಇನ್ನೂ ಹಿಂದಕ್ಕೆ. ಒಂದು ಕಡೆ ನಿಂತ. ಮತ್ತೆ ಆಡಿಸಿದ. ಮತ್ತೆ ಅಲ್ಲೇ ನಿಂತ.

‘ಇದಕ್ಕಿಂತ ಹಿಂದಿಂದು ಇಲ್ಲಕ್ಕ.’

ಅವರು ಮಾತಾಡಿದ್ದು ಇದೆಯಂತೆ ನೋಡು ಅಂದೆ.

‘ಮೆಮೊರಿ ಕಾರ್ಡ್ ತುಂಬಿದ್ಮ್ಯಾಲೆ ಹಳೇದನ್ನ ಅಳಿಸ್ಕಂತ ಅದ್ರ ಮ್ಯಾಲೇ ಹೊಸಾದು ಬರ್ಕಂತೈತಕ್ಕ. ಎಂಟೊಂಬತ್ತು ದಿನ ಹಿಡೀತೈತೆ, ಅಷ್ಟೇ.’

ಆಫ್ ಮಾಡಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

‘ಆಫ್ ಆಗಿದ್ರೆ ಹಂಗೇ ಇರ್ತಿತ್ತು.’

ಸೋಮವಾರ ಹೇಳಿದ್ದರೂ ಒಂದೂವರೆ ದಿನದ್ದು ಸಿಗುತ್ತಿತ್ತೇನೋ ಎಂದು ಶುರು ಮಾಡಿ, ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಇರುವುದರಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು, ತೋರಿಸು ಅಂದೆ. ಬೇಡ ಅಂದ. ತೋರಿಸು ಅಂದೆ.

ಬುಧವಾರ. ಮನೆ ತುಂಬ ಜನ. ನಡುವೆ ಅವರು, ಕೊರಳವರೆಗೆ ಬಿಳಿ ಬಟ್ಟೆ, ಮೇಲೆ ಅತ್ತೆಯ ಬುಟ್ಟಿಯ ಹೂವು. ಗೋಡೆಗೆ ಒರಗಿ ನಾನು. ಅಳುತ್ತಿಲ್ಲ. ಪಾತಮ್ಮ ಅಂದದ್ದು ನಿಜ. ಆಮೇಲೆ ಅಂಜಿನೇಯಣ್ಣನ ಕೈ ದೊಡ್ಡದಾಗುತ್ತಾ ಬಂದು ಇಡೀ ಸ್ಕ್ರೀನ್ ಕಪ್ಪಾಯಿತು. ಅದರೊಳಗಿಂದ ಒಂದು ದನಿ.

ತೆಗೀಬ್ಯಾಡ್ರಿ.

ನನ್ನ ದನಿ ಅಷ್ಟು ಗಟ್ಟಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಇಷ್ಟನ್ನಾದರೂ ಬೇರೆ ಮಾಡಿ ನಿಮ್ಮ ಮೊಬೈಲಿಗೆ ಹಾಕಿಕೊಡಲಾ, ಇಲ್ಲದಿದ್ದರೆ ಇದೂ ಹೋಗುತ್ತದೆ ಎಂದು ದುರುಗೇಶ್ ಕೇಳಿದ. ಅತ್ತೆಯ ಕಡೆ ನೋಡಿದೆ. ಅವರ ಮಗ. ಬೇಕು ಅನ್ನುವ ಹಕ್ಕು ಅವರದು.

ಅತ್ತೆ ಅಲ್ಲಿಂದಲೇ, ಬೀದಿ ಕಡೆ ಮುಖ ಮಾಡಿಕೊಂಡೇ ಹೇಳಿದರು.

‘ಮಣ್ಣು ಕೊಟ್ಟು ಬರೋರು ತಿರುಗಿ ನೋಡ್ತಾರೇನಪ್ಪಾ?’

ಅವನು ಮೊಬೈಲ್ ಕೆಳಗಿಟ್ಟ.

‘ಮಾತಾಡಾ ಮುಖ ಇದ್ದಿದ್ರೆ ಕೊಡು ಅಂತಿದ್ದೆ. ಇದು ಬ್ಯಾಡ. ಹೋಗ್ಲಿ ಬಿಡು.’

ನಾನೂ ಬೇಡ ಎಂದು ತಲೆಯಾಡಿಸಿದೆ. ಅವನು ಹೋದ ಮೇಲೆ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅಳುವಷ್ಟೂ ಅತ್ತೆ. ಅವರು ಸತ್ತದ್ದಕ್ಕೋ ಅವರ ಮಾತು ಅಳಿಸಿ ಹೋದದ್ದಕ್ಕೋ — ಬೇರೆ ಮಾಡಲು ಆಗಲಿಲ್ಲ.

ಫೆಬ್ರವರಿ 9, ಭಾನುವಾರ

ನಿನ್ನೆ ಹನ್ನೊಂದು ಮುಗಿಯಿತು. ಎಣ್ಣೆ ಹಾಕುವುದನ್ನು ನಿಲ್ಲಿಸಿದೆವು. ದೀಪ ತಾನೇ ಸಣ್ಣಗಾಗಿ ಹೋಯಿತು.

ದಿನಾಂಕ ಮುಟ್ಟಿ ಹಿಂದಕ್ಕೆ ಹೋಗುವುದು ಈಗ ನನಗೆ ಬರುತ್ತದೆ. ಬುಧವಾರ ಇಲ್ಲ. ಗುರುವಾರ, ಶುಕ್ರವಾರವೂ ಇಲ್ಲ. ಶನಿವಾರದಿಂದ ಈಚೆಗೆ ಮೂಲೆಯಲ್ಲಿ ದೀಪ. ಯಾರೋ ಬರುತ್ತಾರೆ, ಕೂರುತ್ತಾರೆ, ಏಳುತ್ತಾರೆ. ಮತ್ತೆ ದೀಪ.

ಏನು ಹೇಳಿರಬಹುದು? ಬೈದಿರಬಹುದು. ಪಲ್ಯಕ್ಕೆ ಉಪ್ಪು ಕಮ್ಮಿ ಅಂದಿರಬಹುದು. ನೋವು ಅಂದಿರಬಹುದು, ನನಗೆ ಹೇಳದೆ ಅದಕ್ಕೆ. ವನಜಾ ಅಂತ ನಾನೇ ಮೆಲ್ಲಗೆ ಅಂದು ನೋಡಿದೆ. ಅವರ ದನಿಯಲ್ಲಿ ಬರಲಿಲ್ಲ.

ಫೆಬ್ರವರಿ 12, ಬುಧವಾರ

ಪಾತಮ್ಮ ಹೇಳಿ ಕಳಿಸಿದ್ದಾಳೆ. ಇವತ್ತಿನಿಂದ ಗೋಡೌನು. ಅತ್ತೆ ಬಸ್ ಸ್ಟ್ಯಾಂಡಿಗೆ ಇನ್ನೂ ಹೋಗುತ್ತಿಲ್ಲ. ಹೂವು ಕಟ್ಟಲು ಕೂತರೆ ದಾರ ಹಿಡಿದುಕೊಂಡು ಹಾಗೇ ಇದ್ದುಬಿಡುತ್ತಾರೆ. ಕ್ಯಾಮೆರಾ ತೆಗೆದು ದುರುಗೇಶನಿಗೆ ವಾಪಸ್ ಕೊಡಲಾ ಎಂದು ರಾತ್ರಿ ಕೇಳಿದ್ದೆ.

‘ಇರ್ಲಿ. ನೀನು ಅಲ್ಲಿಂದ ಆಗಾಗ ನೋಡು. ನಾನೂ ಒಬ್ಳೇ ಅಲ್ವಾ’ ಅಂದರು.

ಅವರನ್ನು ಕರೆತಂದ ದಿನದಿಂದ ಅತ್ತೆಯ ತಲೆಗೆ ಎಣ್ಣೆಯಿಲ್ಲ. ಬೆಳಿಗ್ಗೆ ಹೊರಡುವ ಮುಂಚೆ ಬಾಚಣಿಗೆ ತೆಗೆದುಕೊಂಡು ಅವರ ಹಿಂದೆ ಕೂತೆ. ಬೇಡ ಅನ್ನಲಿಲ್ಲ. ಕೂದಲು ಬಿಚ್ಚಿ ಬೈತಲೆ ತೆಗೆಯುವಾಗ ಕಂಡಿತು. ನೆತ್ತಿಯಲ್ಲಿ ಎರಡು ಸುಳಿ, ಒತ್ತೊತ್ತಾಗಿ.

ನಮ್ಮ ಮನೆಯವರಿಗೂ ಅಲ್ಲೇ ಇತ್ತು. ತಲೆ ತೊಳೆಸುವಾಗ ಬೆರಳಿಗೆ ಸಿಗುತ್ತಿತ್ತು. ಎರಡು ಸುಳಿಯವನಿಗೆ ಎರಡು ಮದುವೆ ಎಂದು ಯಾರ್ಡಿನಲ್ಲಿ ಆಡಿಕೊಳ್ಳುತ್ತಿದ್ದರಂತೆ. ಅದು ಅತ್ತೆಯಿಂದ ಬಂದದ್ದೆಂದು ನನಗೆ ಗೊತ್ತೇ ಇರಲಿಲ್ಲ.

ಕೈ ಅಲ್ಲೇ ನಿಂತಿತು.

‘ಯಾಕೆ ನಿಲ್ಲಿಸ್ದೆ?’

‘ಸಿಕ್ಕು ಐತೆ ಅತ್ತೆ.’

ಸಿಕ್ಕು ಇರಲಿಲ್ಲ. ಅಂಗೈಗೆ ಇನ್ನೊಂದಿಷ್ಟು ಎಣ್ಣೆ ಬಿಟ್ಟುಕೊಂಡು, ಬೆರಳ ತುದಿಯಿಂದ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಹಚ್ಚಿದೆ.