ತೊಗಟೆ ತೆಗೆದ ಅಶೋಕ

ಪ್ರೀತಿಯ ಜಯಮೇರಿ,

ಪಕ್ಕದ ಮನೆಯವಳಿಗೆ ಕಾಗದ ಬರೆಯುವುದು ವಿಚಿತ್ರವೇ. ಆದರೆ ಮಾತಾಡಿಸಲು ಬಂದರೆ ನೀನು ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತೀ. ಇನ್ನೇನು ಮಾಡಲಿ?

ನಮ್ಮಿಬ್ಬರ ಗೇಟಿನ ಬಳಿಯ ಮರಗಳನ್ನು ತೋರಿಸಿ ಒಮ್ಮೆ ನೀನು, "ಎರಡೂ ಅಶೋಕನೇ ಅಲ್ವಾ ಅಕ್ಕ?" ಎಂದಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಚಟ, ಅಲ್ಲೇ ಪಾಠ ಶುರುಮಾಡಿದೆ. ನಿಮ್ಮದು ಕಂಬದಂತೆ ನೆಟ್ಟಗೆ ಬೆಳೆಯುವ ಮರ. ಎಲೆಯ ನಡುವೆ ಹಸಿರು ಹೂ ಬಿಟ್ಟರೂ ಯಾರಿಗೂ ಕಾಣುವುದಿಲ್ಲ. ನಮ್ಮ ಗೋಕುಲಂ ಬಡಾವಣೆಯ ರಸ್ತೆಗಳಲ್ಲೆಲ್ಲ ಅದೇ. ಅದಕ್ಕೆ ಅಳಿವಿನ ಭಯವಿಲ್ಲ. ನಮ್ಮದು ನಿಜವಾದ ಅಶೋಕ, ಕೊಂಬೆಗೇ ಅಂಟಿಕೊಂಡು ಕೆಂಡದ ಬಣ್ಣದ ಗೊಂಚಲು ಬಿಡುತ್ತದೆ. ಹೆಂಗಸರ ಕಾಯಿಲೆಗೆ ಮದ್ದೆಂದು ತೊಗಟೆ ಸುಲಿದು ಸುಲಿದು, ಕಾಡಿನಲ್ಲಿ ಅದು ಅಪಾಯದ ಹಂತಕ್ಕೆ ಬಂದಿದೆ ಎಂದೆ.

ಮಾರ್ಚಿನಲ್ಲಿ ನಾನು ತಂಗಿಯ ಮನೆಯಿಂದ ಹಿಂದಿರುಗಿದಾಗ ನಮ್ಮ ಮರದ ಒಂದು ಮಗ್ಗುಲು ಸೊಂಟದೆತ್ತರಕ್ಕೆ ಸುಲಿದಿತ್ತು. ಯಾರೆಂದು ಕೂಗಾಡಬೇಕು ಎನ್ನುವಷ್ಟರಲ್ಲಿ ನೀನೇ ಬಂದೆ.

"ನಾನೇ ಕಣಕ್ಕಾ ತೆಗ್ದಿದ್ದು. ಏಂಜೆಲ್‌ಗೆ ತಿಂಗ್ಳದು ನಿಲ್ತಾನೇ ಇಲ್ಲ. ಮೊದ್ಲು ನಮ್ಮ ಮರದ್ದು ಕುದ್ಸಿ ಕೊಟ್ಟೆ. ಆಮೇಲೆ ನಿಮ್ಮದೇ ನಿಜವಾದ್ದು ಅಂದಿದ್ದು ಗ್ಯಾಪಕ ಬಂತು. ಅವ್ಳ ಮದುವೆ ಮಾತು ನಡೀತಾ ಐತೆ. ಆಸ್ಪತ್ರೆಗೆ ಹೋದ್ರೆ ಚರ್ಚಲ್ಲಿ ನಾಲ್ಕು ಜನಕ್ಕೆ ಗೊತ್ತಾಗ್ಬುಡುತ್ತೆ ಅಂತ ಹೆದ್ರಿಬುಟ್ಟೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ನಿಮ್ಮ ಮನೆಯೊಳಗೆ ಮಗಳು ಏಂಜೆಲ್ ಮಲಗಿದ್ದಳು, ಉಗುರೆಲ್ಲ ಬಿಳಿಚಿಕೊಂಡಿತ್ತು. ಆಟೊದಲ್ಲಿ ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಗರ್ಭಕೋಶದಲ್ಲಿ ಗಡ್ಡೆ ಎಂದರು. ರಕ್ತ ಕೊಟ್ಟು, ಗಡ್ಡೆ ತೆಗೆದು, ಗರ್ಭಕೋಶ ಉಳಿಸಿದರು. "ಇನ್ನೂ ಮನೇಲೇ ಇಟ್ಕೊಂಡಿದ್ರೆ ಕೈ ಮೀರ್ತಿತ್ತು" ಎಂದು ಡಾಕ್ಟರಮ್ಮ ಹೇಳಿದಾಗ ನೀನು ನನ್ನ ಸೆರಗು ಹಿಡಿದು ನಿಂತೆ. ಬಿಡಿಸಿಕೊಳ್ಳಲು ನನಗೂ ಮನಸ್ಸಾಗಲಿಲ್ಲ.

ಮರದ ಚಿಂತೆ ಬಿಡು. ಸುತ್ತಲೂ ಸುಲಿದಿದ್ದರೆ ಒಣಗುತ್ತಿತ್ತು. ನೀನು ಒಂದೇ ಮಗ್ಗುಲು ತೆಗೆದದ್ದರಿಂದ ಗಾಯದ ಅಂಚಿನಲ್ಲಿ ಹೊಸ ತೊಗಟೆ ಬರುತ್ತಿದೆ. ಕಾಡಿನ ಎಷ್ಟೋ ಮರಗಳಿಗೆ ಆ ಪುಣ್ಯವಿಲ್ಲ, ನಿಜ. ಆದರೆ ಹೆತ್ತ ಮಗಳು ಕಣ್ಣೆದುರು ಸೊರಗುವಾಗ ಯಾವ ತಾಯಿ ಮರದ ಜಾತಿ ಉಳಿಯಲಿ ಎಂದು ಸುಮ್ಮನಿದ್ದಾಳು? ನನಗೆ ನೋವಾದದ್ದು ಬೇರೆಯದಕ್ಕೆ. ಯಾರಿಗೂ ಹೇಳಿಕೊಳ್ಳಲಾಗದೆ, ಕತ್ತಿ ಹಿಡಿದು ಒಬ್ಬಳೇ ಆ ಬುಡದಲ್ಲಿ ಕೂತೆಯಲ್ಲ ಜಯಾ.

ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಏಂಜೆಲ್‌ಳ ಜೊತೆ ನೇರ ನಮ್ಮ ಮನೆಗೇ ಬಾ. ಉಪ್ಪಿಟ್ಟು ಮಾಡಿರುತ್ತೇನೆ. ಕ್ಷಮೆ ಕೇಳಿದರೆ ಮಾತ್ರ ತಟ್ಟೆ ಕೊಡುವುದಿಲ್ಲ.

ಮಗಳ ಮೈಗೆ ಬಲ ಬರಲಿ, ನಿನ್ನ ಕಣ್ಣಿಗೆ ನಿದ್ದೆ ಬರಲಿ.

ನಿನ್ನ,
ನಯನಕ್ಕ