ಯಜಮಾನರ ಸಕ್ಕರೆ

ಮಾರ್ಚ್ 4, 1979, ಗ್ರೀನ್‌ಲ್ಯಾಂಡ್

ನಾಯಿಗಳಿಗೆ ಮೀನು ಹಾಕಿ ಬಂದೆ. ಬೆರಳು ಮರಗಟ್ಟಿವೆ. ಮಗ ಎನೋಕನಿಗೆ ಮತ್ತೆ ಭೇದಿ. ಎದೆಹಾಲು ಕುಡಿಯುವಾಗ ಗುಂಡುಗುಂಡಗಿದ್ದ. ಈಗ ಹನ್ನೊಂದು ತಿಂಗಳು, ಎತ್ತಿದರೆ ಭಾರವೇ ಇಲ್ಲ.

ಅಮ್ಮ ಬಂದಳು. ಎನೋಕ್ ನನ್ನ ಅಪ್ಪ ತೀರಿಕೊಂಡ ಬೆನ್ನಿಗೇ ಹುಟ್ಟಿದವನು, ಹಾಗಾಗಿ ಅಪ್ಪನ ಹೆಸರು. ಹೆಸರಿನ ಜೊತೆ ಸತ್ತ ಮನುಷ್ಯನೂ ಮರಳುತ್ತಾನೆಂದು ನಮ್ಮವರ ನಂಬಿಕೆ. ಅಮ್ಮನಿಗೆ ಇವನು ಮೊಮ್ಮಗನಲ್ಲ — ಗಂಡ.

“ಏನ್ ಯಜಮಾನ್ರೇ, ಮೊದಲೆಲ್ಲ ಸಮುದ್ರದಿಂದ ಸೀಲ್ ಬೇಟೆಯಾಡಿ ಎಳ್ಕೊಂಡು ಬರ್ತಿದ್ರಿ, ಈಗ ಚಡ್ಡೀಲೇ ಮಾಡ್ಕೋತೀರಲ್ಲ, ನಾಚಿಕೆ ಆಗಲ್ವಾ?”

ಸಕ್ಕರೆ ತುಣುಕನ್ನು ಕಾಫಿಯಲ್ಲಿ ಅದ್ದಿ ಅವನ ಬಾಯಿಗಿಟ್ಟಳು. ದಿನವೂ ಇದೇ. ಅಪ್ಪನೂ ಹಾಗೇ. ಯಾರ ಮನೆಗೆ ಹೋದರೂ ಸಕ್ಕರೆ ಬಟ್ಟಲಿಗೆ ಕೈ ಹಾಕದೆ ಎದ್ದವನಲ್ಲ.

ಮಾರ್ಚ್ 9

ನರ್ಸ್ ಬಂದಿದ್ದಳು. “ಕೈ ತೊಳೀತೀಯಾ ಬೊಲೆಟ್ಟೆ? ನಿಜ ಹೇಳು.” ಸಿಟ್ಟು ನೆತ್ತಿಗೇರಿತು. ಉಪ್ಪು-ಸಕ್ಕರೆ ನೀರು ಕುಡಿಸು ಎಂದಳು. ಕುಡಿಸುತ್ತಿದ್ದೇನೆ. ಕುಡಿಸಿದಷ್ಟೂ ಜಾಸ್ತಿ...

ಮಾರ್ಚ್ 10, ಸಂಜೆ

ಕಣ್ಣು ಗುಳಿಬಿದ್ದಿವೆ. ಅಳುತ್ತಾನೆ, ಕಣ್ಣೀರೇ ಇಲ್ಲ. ಗಾಳಿ ನಿಲ್ಲದೆ ಆಸ್ಪತ್ರೆಗೆ ಒಯ್ಯುವ ಹೆಲಿಕಾಪ್ಟರ್ ಬರುವುದಿಲ್ಲವಂತೆ. ಅಪ್ಪಾ, ಈಗತಾನೇ ಬಂದೆಯಲ್ಲ. ಹೋಗಬೇಡ.

ಮಾರ್ಚ್ 17, ಆಸ್ಪತ್ರೆ

ಬದುಕಿದ್ದಾನೆ.

ಡೇನಿಶ್ ಡಾಕ್ಟರ್ ಕಾರಣ ಹೇಳಿದರು. ಸಕ್ಕರೆ! ಅದನ್ನು ಅರಗಿಸುವ ಕಿಣ್ವವೇ ಇವನ ಕರುಳಿನಲ್ಲಿಲ್ಲ.

“ನಮ್ಮ ಡೆನ್ಮಾರ್ಕ್ ಕಡೆ ಇದು ತುಂಬಾ ಅಪರೂಪ. ನಿಮ್ ಗ್ರೀನ್‌ಲ್ಯಾಂಡ್ ಜನರಲ್ಲಿ ಸಾಕಷ್ಟಿದೆ. ರಕ್ತದಲ್ಲೇ ಬರೋದು. ಬರೀ ಸೀಲ್, ಮೀನು ತಿಂತಿದ್ದ ಕಾಲದಲ್ಲಿ ಗೊತ್ತೇ ಆಗ್ತಿರಲಿಲ್ಲ, ನೋಡಿ.”

ಔಷಧವೆಂದು ಚಮಚ ಚಮಚ ವಿಷ ಕುಡಿಸಿದೆನಲ್ಲ! ಅಮ್ಮನಿಗೆ ಯಾವ ಬಾಯಲ್ಲಿ ಹೇಳಲಿ?

ಮಾರ್ಚ್ 29

ಮನೆಗೆ ಬಂದೆವು. ಎನೋಕ್ ಉಳಿದ ಖುಷಿಗೆ ಊರಿಗೆಲ್ಲ ಕಾಫಿ, ಕೇಕು. ಅಮ್ಮ ಬಟ್ಟಲಿನಿಂದ ಸಕ್ಕರೆ ತುಣುಕೆತ್ತಿ ಎನೋಕನ ಬಾಯಿಗೆ ಒಯ್ದಳು. ಕೈ ಹಿಡಿದುಬಿಟ್ಟೆ.

“ಅಯ್ಯೋ, ನನ್ ಗಂಡನ ಬಾಯಿಂದ ಕಿತ್ಕೋತೀಯಲ್ಲೇ!”

ಹೇಳಿದೆ. ಎಲ್ಲವನ್ನೂ. ಅಮ್ಮನ ಮುಖ ಬಿಳುಚಿಕೊಂಡಿತು.

“ನಿಮ್ಮಪ್ಪ ಸಕ್ಕರೆ ತಗೋತಿದ್ರು. ತಿಂದಿದ್ದು ಮಾತ್ರ ಒಂದಿನಾನೂ ನೋಡಿಲ್ಲ ಕಣೇ. ಜೇಬಲ್ಲಿ ಹಾಕ್ಕೊಂಡು ಬಂದು ನನಗೇ ಕೊಡೋರು. ‘ನನಗೆ ಸೇರಲ್ಲ, ನೀನು ತಿನ್ನು’ ಅನ್ನೋರು. ನನಗೋಸ್ಕರ ಸುಳ್ಳು ಹೇಳ್ತಾರೆ ಅಂದ್ಕೊಂಡೆ... ಈ ಸಲನಾದ್ರೂ ತಾವೇ ತಿನ್ನಲಿ ಅಂತ...”

ತುಣುಕು ಇನ್ನೂ ಅವಳ ಅಂಗೈಯಲ್ಲೇ ಇತ್ತು. ಎನೋಕ್ ಅವಳ ತೊಡೆ ಹತ್ತಿದ. ಅದನ್ನು ಎತ್ತಿಕೊಂಡ. ನಾನು ಕಸಿದುಕೊಳ್ಳುವಷ್ಟರಲ್ಲಿ — ಅಮ್ಮನ ಬಾಯಿಗೇ ಇಟ್ಟ.